ಬಿರುಗಾಳಿಯ ಎಡಮಗ್ಗುಲು

"ಇವಳು ಅಜ್ಜಿ" ಎಂದು ನಾಯಕನಟ ಹಳೆಯ ಮೋಟಾರ್‌ಸೈಕಲ್ಲಿನ ಟ್ಯಾಂಕನ್ನು ಅಂಗೈಯಿಂದ ಸವರಿದ. "ಬೆಳಿಗ್ಗೆ ಎಬ್ಬಿಸಿದ್ರೆ ಕೆಮ್ತಾಳೆ, ಉಗೀತಾಳೆ, ಬೈತಾಳೆ. ಒಂದ್ಸಲ ಎದ್ಳು ಅಂದ್ರೆ ಸಂಜೆ ತನಕ ಸುಸ್ತು ಅನ್ನಲ್ಲ. ಪಕ್ಕದಲ್ಲಿರೋಳು ಚಿಕ್ಕಮ್ಮ. ಶೋಕಿ ಜಾಸ್ತಿ, ಕೆಲಸ ಕಮ್ಮಿ. ಆ ಮೂಲೇಲಿರೋ ಕೆಂಪು ಕಾರು ಮನೆ ಅಳಿಯ. ಕುಡಿಯೋದು, ಮಲಗೋದು, ಎರಡೇ."

"ನೆರಳು ಓಡಿಸ್ತಿದ್ದ ಗಾಡಿ ಎಲ್ಲಿ ನಿಲ್ತಿತ್ತು?" ಎಂದು ಕೇಳಿದಳು ಇನ್ಸ್‌ಪೆಕ್ಟರಮ್ಮ.

ಅವನ ಕೈ ಟ್ಯಾಂಕಿನ ಮೇಲೆಯೇ ನಿಂತುಬಿಟ್ಟಿತು.

ಆಕೆ ಪೊಲೀಸ್ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಇನ್ಸ್‌ಪೆಕ್ಟರಮ್ಮ ಎಂಬ ಹೆಸರು ಆಕೆಯನ್ನು ಬಿಟ್ಟಿರಲಿಲ್ಲ. ಹದಿನೈದು ವರ್ಷ ಈ ನಟನ ಬದಲಿಗೆ ಸಿನಿಮಾಗಳಲ್ಲಿ ಗಾಡಿ ಹಾರಿಸಿದವನು, ಎಲ್ಲರೂ ನೆರಳು ಎಂದೇ ಕರೆಯುತ್ತಿದ್ದವನು, ಹೋದ ತಿಂಗಳು ಬೆಟ್ಟದ ತಿರುವಿನಲ್ಲಿ ಗಾಡಿ ಸಮೇತ ಪ್ರಪಾತಕ್ಕೆ ಬಿದ್ದು ಸತ್ತಿದ್ದ. ಚಕ್ರ ಜಾರಿತು ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. "ಆ ತಿರುವಲ್ಲಿ ನಮ್ಮೆಜಮಾನ್ರು ಕಣ್ಣು ಮುಚ್ಕೊಂಡು ಗಾಡಿ ಓಡಿಸೋವ್ರಮ್ಮ" ಎಂದು ಅವನ ಹೆಂಡತಿ ಬಂದು ಕೂತಾಗ, ಇನ್ಸ್‌ಪೆಕ್ಟರಮ್ಮನಿಗೆ ಇಲ್ಲ ಎನ್ನಲು ಆಗಿರಲಿಲ್ಲ.

"ಅಲ್ಲಿ" ಎಂದು ನಟ ಕೊನೆಗೂ ಬೆರಳು ತೋರಿದ. ಎರಡು ಮೋಟಾರ್‌ಸೈಕಲ್ಲುಗಳ ನಡುವೆ ಖಾಲಿ ಜಾಗ. ನೆಲದ ಮೇಲೆ ಎಣ್ಣೆಯ ಕಲೆ ಇನ್ನೂ ಒದ್ದೆಯಾಗಿಯೇ ಇದ್ದಂತೆ ಹೊಳೆಯುತ್ತಿತ್ತು. "ಯಾರಿಗೂ ಅಲ್ಲಿ ಗಾಡಿ ನಿಲ್ಸೋಕೆ ಬಿಟ್ಟಿಲ್ಲ ನಾನು."

ಅಭಿಮಾನಿಗಳು ಅವನಿಗಿಟ್ಟ ಹೆಸರು ಬಿರುಗಾಳಿ. ಪರದೆಯ ಮೇಲೆ ಅವನು ಹೆಲ್ಮೆಟ್ ತೆಗೆದು ತಲೆ ಕೊಡವಿದರೆ ಸಾಕು, ಶಿಳ್ಳೆಯಲ್ಲಿ ಚಿತ್ರಮಂದಿರದ ಚಾವಣಿ ಹಾರಿಹೋಗುತ್ತಿತ್ತು. ಹತ್ತಿರದಿಂದ ನೋಡಿದರೆ ಕೆನ್ನೆ ಇಳಿದಿತ್ತು, ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು. ಮಾತಾಡುವಾಗ ಇಡೀ ತಲೆಯನ್ನು ತಿರುಗಿಸಿ ನೇರ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದ. ಗತ್ತು ಎಂದುಕೊಳ್ಳಬಹುದಿತ್ತು. ಇನ್ಸ್‌ಪೆಕ್ಟರಮ್ಮನಿಗೆ ಏಕೋ ಹಾಗನ್ನಿಸಲಿಲ್ಲ.

ಒಂದು ಕಾಲದಲ್ಲಿ ವಿಮಾನ ನಿಲ್ಲಿಸುತ್ತಿದ್ದ ತಗಡಿನ ಭಾರೀ ಕೊಟ್ಟಿಗೆ ಅದು. ಹಿಂಬದಿಯ ಬಾಗಿಲು ತೆರೆದರೆ ಹುಲ್ಲು ಬೆಳೆದ ಹಳೆಯ ರನ್‌ವೇ. ಈಗ ಅಲ್ಲಿ ಹೊಡೆದಾಟದ, ಬೆನ್ನಟ್ಟುವ ದೃಶ್ಯಗಳ ಚಿತ್ರೀಕರಣ ನಡೆಯುತ್ತಿತ್ತು. ನಟ ಮನೆಯನ್ನೂ ಅದಕ್ಕೆ ಅಂಟಿಸಿಯೇ ಕಟ್ಟಿಸಿದ್ದ, ಮಗುವಿನ ತೊಟ್ಟಿಲ ಪಕ್ಕ ಹಾಸಿಗೆ ಹಾಸಿಕೊಂಡವರ ಹಾಗೆ.

ಆಕೆ ಸಾಲುಗಳ ನಡುವೆ ಒಬ್ಬಳೇ ನಡೆದಳು. ಮೊದಲು ವಾಸನೆ ಬಡಿಯಿತು. ಹೊಸ ಪೇಂಟು. ಬಗ್ಗಿ ನೋಡಿದಳು. ಚಿಕ್ಕಮ್ಮನ ಎಡಗಡೆಗೆ ಹೊಸ ಬಣ್ಣ. ಪಕ್ಕದ ಜೀಪಿನ ಎಡ ಬಾಗಿಲಿಗೆ ಹೊಸ ಬಣ್ಣ. ಮನೆ ಅಳಿಯನ ಎಡ ಕನ್ನಡಿ ಹೊಚ್ಚ ಹೊಸದು, ಬಲ ಕನ್ನಡಿ ಹಳೆಯದು. ಯಾವ ಗಾಡಿಯ ಬಲಗಡೆಯಲ್ಲೂ ಒಂದು ಗೀರು ಇರಲಿಲ್ಲ.

"ಎಡಗಡೆ ಮಾತ್ರ ಯಾಕೆ ಬಣ್ಣ ಹೊಡೆಸಿದೀರಿ?"

"ನಿಲ್ಸೋಕೆ ಜಾಗ ಇಕ್ಕಟ್ಟು ಮೇಡಂ, ಉಜ್ಜಿಬಿಡತ್ತೆ."

ಹೇಳಿದವನು ನಟನಲ್ಲ, ಅವನ ಬಾಮೈದ. ನಟನ ಡೇಟು, ಡ್ರೈವರು, ಡಾಕ್ಟರು ಎಲ್ಲವನ್ನೂ ನೋಡಿಕೊಳ್ಳುವವನು. ಯಾವಾಗ ಒಳಬಂದನೋ ತಿಳಿಯಲಿಲ್ಲ. ಬಲಗೈಗೆ ಮೊಣಕೈ ತನಕ ಬ್ಯಾಂಡೇಜು ಸುತ್ತಿತ್ತು.

ವಿಮಾನ ತಿರುಗುತ್ತಿದ್ದ ಜಾಗದಲ್ಲಿ ಇಕ್ಕಟ್ಟೇ? ಇನ್ಸ್‌ಪೆಕ್ಟರಮ್ಮ ಅವನ ಬ್ಯಾಂಡೇಜು ನೋಡಿದಳು. "ಕೈಗೇನಾಯ್ತು?" ಎಂದಳು ಅಷ್ಟೇ.

"ಬಚ್ಚಲಲ್ಲಿ ಜಾರಿದೆ."

"ಜಾರೋ ಕಾಲ ಇದು" ಎಂದಳು ಆಕೆ. ಅವನು ನಗಲಿಲ್ಲ.

ಅಷ್ಟರಲ್ಲಿ ನಟನ ಹೆಂಡತಿ ಬಂದಳು. ಹಿಂದೆ ಕಾಫಿಯ ತಟ್ಟೆ ಹಿಡಿದ ಕೆಲಸದವಳು. "ಹನ್ನೊಂದು ಜನ ಸವತೀರು ನನಗೆ, ಎಲ್ಲರನ್ನೂ ಪರಿಚಯ ಮಾಡ್ಕೊಟ್ರಾ ನಮ್ಮವರು?" ಎಂದು ನಗುತ್ತಲೇ ಕೇಳಿದಳು. "ಮದುವೆ ಆದ ಹೊಸದರಲ್ಲಿ ಹೊಟ್ಟೆಕಿಚ್ಚಾಗ್ತಿತ್ತು. ಈಗ ಇಲ್ಲ. ಅವರಾದ್ರೂ ಇವರನ್ನ ಮನೇಲಿ ಹಿಡಿದಿಟ್ಕೊಂಡಿದಾರಲ್ಲ."

ಕೆಲಸದವಳು ನಟನ ಎಡಗಡೆಯ ಮೇಜಿನ ಮೇಲೆ ಲೋಟ ಇಟ್ಟಳು. ಹೆಂಡತಿ ಮಾತು ನಿಲ್ಲಿಸದೆ, ಅತ್ತ ನೋಡದೆ, ಅದನ್ನು ಎತ್ತಿ ಅವನ ಬಲಗಡೆಗೆ ಇಟ್ಟಳು. ಆಮೇಲೆಯೇ ಅವನು ಕೈ ಚಾಚಿದ್ದು.

ಆ ಕ್ಷಣ ಇನ್ಸ್‌ಪೆಕ್ಟರಮ್ಮನ ಕಣ್ಣು ಆ ಲೋಟದ ಮೇಲೆ ನಿಂತಿತು. ಯಾಕೆಂದು ಇನ್ನೂ ಸ್ಪಷ್ಟವಾಗಿರಲಿಲ್ಲ.

"ನಿಮ್ಮೊಬ್ಬರ ಹತ್ರಾನೇ ಮಾತಾಡ್ಬೇಕು ಸರ್" ಎಂದಳು ನಟನಿಗೆ.

ಬಾಮೈದ ಬಾಯಿ ತೆರೆದ. ನಟ ಕೈಯೆತ್ತಿ ತಡೆದ. "ಹಾಗಾದ್ರೆ ಬನ್ನಿ, ಅಳಿಯನ ಜೊತೆ ಒಂದು ಸುತ್ತು ಹೋಗ್ಬರೋಣ. ನಿಂತ ಗಾಡೀಲಿ ನನಗೆ ಬಾಯಿ ಬರಲ್ಲ."

"ರೀ, ಬೇಡ" ಎಂದಳು ಹೆಂಡತಿ. ನಗು ಮುಖದಿಂದ ಒರೆಸಿ ಹಾಕಿದಂತಾಗಿತ್ತು. "ಇವತ್ತು ಬೇಡ. ಕೂತೇ ಮಾತಾಡಿ."

ಅವನು ಆಗಲೇ ಕೀಲಿ ತೆಗೆದುಕೊಂಡಿದ್ದ.

ಓಡುವ ಗಾಡಿಯಲ್ಲಿ ಬಾಯಿ ಬರದವಳು ಇನ್ಸ್‌ಪೆಕ್ಟರಮ್ಮ. ಬಸ್ಸಿನಲ್ಲಿ ಕೂಡ ಮುಂದಿನ ಸೀಟಿನ ಕಂಬಿ ಹಿಡಿದೇ ಕೂರುವ ಹೆಂಗಸು. ಕಳ್ಳರನ್ನು ಹಿಡಿದಿದ್ದಳು, ಒಮ್ಮೆ ಚಾಕು ಬೀಸಿದವನ ಕೈಯನ್ನೂ ತಿರುಚಿದ್ದಳು. ಆದರೆ ವೇಗ ಎಂದರೆ ಆಗುತ್ತಿರಲಿಲ್ಲ. ಆದರೂ ಕೆಂಪು ಕಾರಿನ ಬಾಗಿಲು ತೆರೆದು ಅವನ ಎಡಕ್ಕೆ ಕೂತಳು. ಸೀಟು ಎಷ್ಟು ತಗ್ಗಿನಲ್ಲಿತ್ತೆಂದರೆ ನೆಲದ ಮೇಲೇ ಕೂತ ಹಾಗಾಯಿತು. ಬೆಲ್ಟಿನ ಕೊಂಡಿ ಮೊದಲನೆಯ ಸಲಕ್ಕೆ ಕೂರಲಿಲ್ಲ.

ಕೊಟ್ಟಿಗೆಯ ಹಿಂಬದಿಯ ಬಾಗಿಲನ್ನು ಮುದುಕ ಕಾವಲುಗಾರ ತೆರೆದ. ಎಡಗಡೆ ನಿಂತು ಸಲಾಮು ಹೊಡೆದ. ಹಾದಿಬೀದಿಯ ಅಭಿಮಾನಿಗೂ ಕೈಬೀಸುವ ಬಿರುಗಾಳಿ ಅವನತ್ತ ತಿರುಗಿಯೂ ನೋಡಲಿಲ್ಲ. ಮುದುಕ ಎತ್ತಿದ ಕೈಯನ್ನು ಹಾಗೇ ಇಳಿಸಿದ.

ಮಟಮಟ ಮಧ್ಯಾಹ್ನ. ಬಿಸಿಲಿಗೆ ರನ್‌ವೇ ನೀರಿನಂತೆ ನಡುಗುತ್ತಿತ್ತು. ಕಾರು ಒಮ್ಮೆ ಗುಟುರು ಹಾಕಿ ಚಿಮ್ಮಿತು. ಇನ್ಸ್‌ಪೆಕ್ಟರಮ್ಮನ ತಲೆ ಹಿಂದಕ್ಕೆ ಬಡಿಯಿತು.

"ಕೇಳಿ, ಕೇಳಿ" ಎಂದ ಅವನು. ಮುಖ ಮಗುವಿನದಾಗಿತ್ತು. "ಈ ಸದ್ದು ಕೇಳಿ. ನಮ್ಮಪ್ಪ ಲಾರಿ ಓಡಿಸ್ತಿದ್ದ. ಬೀದಿ ಕೊನೇಲಿ ಸದ್ದು ಕೇಳಿದ್ರೆ ಸಾಕು, ಅಪ್ಪ ಬಂದ ಅಂತ ನಾನು ನಿದ್ದೇಲೇ ಎದ್ದು ಕೂತ್ಕೋತಿದ್ದೆ. ಜನ ನನ್ನ ನಟನೆ ನೋಡ್ತಾರೆ. ನಟನೆ ಹೊಟ್ಟೆಪಾಡು ಮೇಡಂ. ಉಸಿರು ಇದು."

"ನೆರಳಿಗೂ ಹಾಗೇನಾ?"

"ಅವನಿಗೆ ನನಗಿಂತ ಜಾಸ್ತಿ." ವೇಗದ ಮುಳ್ಳು ಮೇಲೇರಿತು.

"ಅವತ್ತು ಬೆಳಿಗ್ಗೆ ಅವರೊಬ್ಬರೇ ಬೆಟ್ಟಕ್ಕೆ ಹೋಗಿದ್ರಾ?"

ಮುಳ್ಳು ಇನ್ನೂ ಮೇಲೇರಿತು. ಪಕ್ಕದ ಹುಲ್ಲು ಹಸಿರು ಗೀಟಾಯಿತು. ಆಕೆಗೆ ಒಂದು ತಿಳಿಯಿತು. ಪ್ರಶ್ನೆ ಹತ್ತಿರ ಬಂದಷ್ಟೂ ಈ ಮನುಷ್ಯ ಓಡುತ್ತಾನೆ.

ಕಾರು ಸ್ವಲ್ಪ ಸ್ವಲ್ಪವೇ ಎಡಕ್ಕೆ ವಾಲುತ್ತಿತ್ತು. ಎಡದ ಅಂಚಿನ ಬಿಳಿಯ ಗೆರೆ ಆಕೆಯ ಕಿಟಕಿಯ ಕೆಳಗೇ ಬಂದಿತು. ಆಕೆ ಅವನ ಮುಖ ನೋಡಿದಳು. ಅವನಿಗೆ ಅದರ ಗೊಡವೆಯೇ ಇರಲಿಲ್ಲ.

ಎಡಗಡೆಯ ಬಣ್ಣ. ಎಡಗಡೆಯ ಕಾಫಿ. ಎಡಗಡೆಯ ಕಾವಲುಗಾರ.

ಇನ್ಸ್‌ಪೆಕ್ಟರಮ್ಮ ಮೆಲ್ಲಗೆ ಬಲಗೈ ಎತ್ತಿದಳು. ಅವನ ಕೆನ್ನೆಯ ಪಕ್ಕಕ್ಕೆ ತಂದಳು. ಬೆರಳುಗಳನ್ನು ಆಡಿಸಿದಳು. ಯಾರಿಗೇ ಆಗಲಿ ಹಾಗೆ ಮಾಡಿದರೆ ರೆಪ್ಪೆಯಾದರೂ ಹೊಡೆದುಕೊಳ್ಳುತ್ತದೆ.

ಅವನ ರೆಪ್ಪೆ ಅಲುಗಲಿಲ್ಲ.

ಹಾರುತ್ತಿರುವ ಕಾರು, ಸ್ಟೇರಿಂಗ್ ಹಿಡಿದವನಿಗೆ ಅರ್ಧ ಜಗತ್ತೇ ಇಲ್ಲ. ಆ ಇಲ್ಲದ ಅರ್ಧದಲ್ಲಿ ತಾನು ಕೂತಿದ್ದೇನೆ.

"ಸರ್, ನಿಧಾನ ಮಾಡಿ."

"ಹೆದರ್ಕೋಬೇಡಿ ಮೇಡಂ. ಈ ರನ್‌ವೇ ನನ್ನ ಅಂಗೈ."

"ಎಡಗಡೆ ಏನೂ ಕಾಣಲ್ಲ ಅಲ್ವಾ ನಿಮಗೆ?"

ಅವನ ದವಡೆ ಬಿಗಿಯಿತು. ಕಾಲು ಇನ್ನೂ ಒತ್ತಿತು. ಅದೇ ಹೊತ್ತಿಗೆ ಆಕೆಗೆ ಮುಂದೆ ಅದು ಕಂಡಿತು. ಗಾಡಿ ಹಾರಿಸುವ ದೃಶ್ಯಕ್ಕೆಂದು ಕಟ್ಟಿ, ಅರ್ಧ ಬಿಚ್ಚಿ ಬಿಟ್ಟುಹೋಗಿದ್ದ ಮರದ ಇಳಿಜಾರು. ತೊಲೆಗಳು ಈಟಿಗಳ ಹಾಗೆ ಈ ಕಡೆಗೇ ಚಾಚಿಕೊಂಡಿದ್ದವು. ರನ್‌ವೇಯ ಎಡ ಅಂಚಿನಲ್ಲಿ. ನೇರ ಆಕೆಯ ಎದುರಿಗೆ.

"ಎಡಗಡೆ ಮರ ಇದೆ! ಸರ್! ಎಡಗಡೆ!"

"ಏನಿಲ್ಲ ಅಲ್ಲಿ!"

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಅದೇ ಆಕೆಯನ್ನು ಹೆಚ್ಚು ಹೆದರಿಸಿದ್ದು. ಅವನ ಪಾಲಿಗೆ ಅಲ್ಲಿ ನಿಜವಾಗಿಯೂ ಏನೂ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಬಲಕ್ಕೆ ಎಳೆದಳು. ಚಕ್ರಗಳು ಕಿರುಚಿದವು. ಎಡ ಕನ್ನಡಿ ಪಟ್ಟನೆ ಸಿಡಿದು ಹಾರಿಹೋಯಿತು. ಆಕಾಶ, ಹುಲ್ಲು, ಆಕಾಶ ಗಿರಗಿರ ಸುತ್ತಿದವು. ಕಾರು ರನ್‌ವೇ ಬಿಟ್ಟು ಬರಿ ಮಣ್ಣಿಗೆ ಇಳಿದು, ಇನ್ನೊಂದು ಸುತ್ತು ತಿರುಗಿ, ಒಮ್ಮೆ ಕುಪ್ಪಳಿಸಿ ನಿಂತಿತು.

ಎಂಜಿನ್ ಮಾತ್ರ ಗುರುಗುಡುತ್ತಲೇ ಇತ್ತು. ಸುತ್ತ ಕೆಂಧೂಳು ಎದ್ದು ಗಾಜುಗಳೆಲ್ಲ ಮುಚ್ಚಿಹೋದವು.

ಇನ್ಸ್‌ಪೆಕ್ಟರಮ್ಮ ಸ್ಟೇರಿಂಗಿನಿಂದ ಒಂದೊಂದೇ ಬೆರಳು ಬಿಡಿಸಿಕೊಂಡಳು.

"ಏನಿತ್ತು ಅಲ್ಲಿ?" ಎಂದು ಕೇಳಿದ ಅವನು, ಸಣ್ಣ ದನಿಯಲ್ಲಿ.

"ನಮ್ಮಿಬ್ಬರ ಸಾವು."

ಬಿರುಗಾಳಿ ಸ್ಟೇರಿಂಗ್ ಮೇಲೆ ಹಣೆಯಿಟ್ಟ. ಭುಜ ಕುಲುಕತೊಡಗಿತು. ಪರದೆಯ ಮೇಲೆ ಅವನು ಅಳುವುದನ್ನು ಆಕೆ ನೋಡಿದ್ದಳು. ಅಲ್ಲಿ ಚೆನ್ನಾಗಿ ಅಳುತ್ತಿದ್ದ. ಇಲ್ಲಿ ಮೂಗು ಸುರಿಸಿಕೊಂಡು, ಉಸಿರು ಸಿಕ್ಕಿಸಿಕೊಂಡು, ಕೆಟ್ಟದಾಗಿ ಅಳುತ್ತಿದ್ದ.

"ಎಡಗಣ್ಣು ಪೂರ್ತಿ ಹೋಗಿದೆ" ಎಂದ. "ಬಲಗಣ್ಣು ಕೊಳವೇಲಿ ನೋಡಿದ ಹಾಗೆ. ಅದೂ ದಿನಾ ಸಣ್ಣದಾಗ್ತಾ ಇದೆ. ಗಾಡಿ ಮುಟ್ಟಲೇಬೇಡಿ ಅಂದ್ರು ಡಾಕ್ಟರು. ಹೆಸರು ಬಿರುಗಾಳಿ, ಗಾಡಿ ಮುಟ್ಟಬಾರ್ದಂತೆ. ನೆರಳಿಗೊಬ್ಬನಿಗೆ ಹೇಳಿದ್ದೆ. ಆಮೇಲೆ ಹೆಲ್ಮೆಟ್ ಹಾಕ್ಕೊಂಡು ಜನರ ಮುಂದೆ ಗಾಡಿ ಓಡಿಸಿದ್ದೆಲ್ಲಾ ಅವನೇ. ಸಿನಿಮಾದಲ್ಲಷ್ಟೇ ಅಲ್ಲ, ಬೀದೀಲೂ ಅವನೇ ನಾನಾಗಿದ್ದ."

"ಮನೆಯವರಿಗೆ?"

"ಹೆಂಡತಿಗೂ ಗೊತ್ತಿಲ್ಲ. ತಡ್ಕೊಳ್ಳಲ್ಲ ಅವಳು."

ಮಾತಿನ ನಡುವೆ ಎಡದಿಂದ ಬಲಕ್ಕೆ ಹೋದ ಕಾಫಿ ಲೋಟ ಇನ್ಸ್‌ಪೆಕ್ಟರಮ್ಮನ ಕಣ್ಣ ಮುಂದೆ ಬಂತು. ಹೇಳದಿದ್ದರೂ ಗೊತ್ತಾಗುವವರು ಒಬ್ಬರಿರುತ್ತಾರೆ. ಗೊತ್ತಿದ್ದೂ ಹೇಳದವರು ಇನ್ನೂ ಅಪಾಯ. ಆದರೆ ಆಕೆ ಅದನ್ನು ನುಂಗಿಕೊಂಡಳು. "ಅವತ್ತು ಬೆಟ್ಟಕ್ಕೆ ನೀವೂ ಹೋಗಿದ್ರಿ."

"ಹೋಗಿದ್ದೆ." ಅವನು ತಲೆಯೆತ್ತಿದ. "ಕಣ್ಣು ಪೂರ್ತಿ ಮುಚ್ಚೋ ಮುಂಚೆ ಒಂದೇ ಒಂದು ಸಲ ಬೆಟ್ಟ ಹತ್ತಿ ಇಳೀಬೇಕು ಅಂತ ಹಟ ಹಿಡಿದೆ. ಬೈದ. ಆಮೇಲೆ ಬಂದ. ನನ್ನ ಎಡಕ್ಕೆ, ಒಂಚೂರು ಹಿಂದೆ ಅವನ ಗಾಡಿ. ನನಗೆ ಕಾಣದೇ ಇರೋದನ್ನ ಅವನು ಹಾರ್ನಲ್ಲಿ ಹೇಳ್ತಿದ್ದ. ಉದ್ದಕ್ಕೆ ಒಂದ್ಸಲ ಹೊಡೆದ್ರೆ, ಎಡಗಡೆ ಏನೋ ಇದೆ, ಹುಷಾರು. ಚಿಕ್ಕದಾಗಿ ಎರಡು ಸಲ ಹೊಡೆದ್ರೆ, ಏನಿಲ್ಲ, ಹೋಗು."

"ಸರಿ. ತಿರುವಲ್ಲಿ ಏನಾಯ್ತು?"

"ಇಳೀತಾ ಇದ್ವಿ. ನನ್ನ ಹಿಂದಿನ ಚಕ್ರಕ್ಕೆ ಏನೋ ತಾಗ್ತು. ನಾನೇ ಎಡಕ್ಕೆ ವಾಲಿ ಅವನಿಗೆ ಗುದ್ದಿಬಿಟ್ಟೆ." ಅವನು ಅಂಗೈಗಳನ್ನು ನೋಡಿಕೊಂಡ. "ನಾನೇ ಕೊಂದೆ ಮೇಡಂ. ನನ್ನ ನೆರಳನ್ನ ನಾನೇ ಕೊಂದೆ. ಪೊಲೀಸರ ಹತ್ರ ಹೋಗೋಣ ಅಂತ ದಿನಾ ಬೆಳಿಗ್ಗೆ ಶರ್ಟು ಹಾಕ್ಕೋತೀನಿ. ಹೊಸಿಲು ದಾಟೋಕಾಗಲ್ಲ."

ಇನ್ಸ್‌ಪೆಕ್ಟರಮ್ಮ ಅವನ ಕಡೆಗೆ ಪೂರ್ತಿ ತಿರುಗಿ ಕೂತಳು.

"ಪೊಲೀಸ್ ಠಾಣೆ ಅಂಗಳದಲ್ಲಿ ನೆರಳಿನ ಗಾಡಿ ಬಿದ್ದಿದೆ. ನಾನು ನೋಡಿದೀನಿ. ಬಂಡೆ ಮೇಲೆ ಬಿದ್ದು ಬಲಗಡೆ ಪೂರ್ತಿ ಪುಡಿಯಾಗಿದೆ, ಅದು ಸರಿ. ಆದ್ರೆ ಎಡಗಡೆ ಕಾಲಿಡೋ ಕಂಬಿ ಒಳಕ್ಕೆ ಮಡಚಿದೆ. ಟ್ಯಾಂಕಿನ ಎಡಗಡೆ ತಗ್ಗು ಬಿದ್ದಿದೆ. ನೀವು ಅವರ ಯಾವ ಕಡೆ ಇದ್ರಿ?"

"ಬಲಕ್ಕೆ."

"ಪ್ರಪಾತ?"

"ಅದೂ ಬಲಕ್ಕೆ."

"ಹಾಗಾದ್ರೆ ಎಡಗಡೆ ಗುದ್ದಿದ್ದು ಯಾರು? ಬೆಟ್ಟದ ಕಡೆಯಿಂದ ಇನ್ಯಾರೋ ಬಂದು ಅವರನ್ನ ಬಲಕ್ಕೆ ತಳ್ಳಿದಾರೆ. ನೆರಳಿನ ಗಾಡಿ ನಿಮ್ಮ ಹಿಂದಿನ ಚಕ್ರಕ್ಕೆ ತಾಗಿ, ನಿಮ್ಮ ಬೆನ್ನ ಹಿಂದೆ ರಸ್ತೆ ದಾಟಿ ಕೆಳಗೆ ಹೋಗಿದೆ. ಗುದ್ದಿದ್ದು ನೀವಲ್ಲ ಸರ್."

ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಬದಲಿಗೆ ಅವನ ಮುಖದಿಂದ ರಕ್ತವೇ ಇಳಿದುಹೋಯಿತು.

"ಆಗಲ್ಲ" ಎಂದ. "ಅದು ಹೇಗಾಗತ್ತೆ? ಅವನು ಹಾರ್ನ್ ಹೊಡೆದ್ನಲ್ಲ."

"ಯಾವಾಗ?"

"ತಾಗಿದ ಮೇಲೆ. ಅಯ್ಯೋ ಅಂತ ನಾನು ಬ್ರೇಕ್ ಹಿಡಿದೆ. ಅಷ್ಟರಲ್ಲಿ ಎಡಗಡೆಯಿಂದ ಹಾರ್ನ್ ಬಂತು. ಚಿಕ್ಕದಾಗಿ, ಎರಡು ಸಲ. ಏನಿಲ್ಲ, ಹೋಗು ಅಂತ. ಸದ್ಯ, ಬಚಾವಾದ ಅಂದ್ಕೊಂಡು ನಾನು ನಿಲ್ಲಿಸ್ದೆ ಹೊರಟೆ. ದಾರಿ ಉದ್ದಕ್ಕೂ ಹಾರ್ನ್ ಇತ್ತು. ಪ್ರತಿ ತಿರುವಲ್ಲೂ. ಮನೆ ಗೇಟಿನ ತನಕ. ಬಾರೋ ಒಳಗೆ, ಕಾಫಿ ಕುಡ್ಕೊಂಡು ಹೋಗು ಅಂದೆ. ತಲೆ ತಿರುಗಿಸಿ ನೋಡೋ ಹೊತ್ತಿಗೆ ಯಾರೂ ಇರ್ಲಿಲ್ಲ. ಸುದ್ದಿ ಬಂದಾಗ ಗೊತ್ತಾಯ್ತು, ಅವನು ಆ ತಿರುವಲ್ಲೇ ಸತ್ತಿದ್ದ." ಅವನು ತುಟಿ ಕಚ್ಚಿದ. "ಸತ್ತವನು ನನ್ನನ್ನ ಮನೆ ತನಕ ಬಿಟ್ಟು ಹೋದ ಮೇಡಂ."

ಬಿಸಿಲಲ್ಲಿ ಕಾದ ಕಾರಿನೊಳಗೆ ಇನ್ಸ್‌ಪೆಕ್ಟರಮ್ಮನ ಮೈಮೇಲಿನ ರೋಮ ಎದ್ದು ನಿಂತಿತು. ದೆವ್ವಕ್ಕೆ ಹೆದರಿ ಅಲ್ಲ. ದೆವ್ವವಾಗಿದ್ದರೆ ಎಷ್ಟೋ ವಾಸಿ.

"ಸತ್ತವರು ಹಾರ್ನ್ ಹೊಡೆಯಲ್ಲ" ಎಂದಳು. "ಕೊಂದವರು ಹೊಡೆದಿದಾರೆ. ನೀವು ಅಲ್ಲಿ ನಿಲ್ಲಬಾರ್ದಿತ್ತು, ಅದಕ್ಕೆ. ನಿಮ್ಮ ಎಡಕ್ಕೆ ಬಂದು, ನಿಮ್ಮ ಜೊತೆಜೊತೆಗೇ ಮನೆ ತನಕ ಬಂದಿದಾರೆ. ಆ ಸಂಕೇತ ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ನನಗೆ, ನೆರಳಿಗೆ, ಅಷ್ಟೇ."

"ಯೋಚನೆ ಮಾಡಿ. ಎಲ್ಲಿ ಅಭ್ಯಾಸ ಮಾಡ್ತಿದ್ರಿ?"

"ಇಲ್ಲೇ. ಈ ರನ್‌ವೇ ಮೇಲೇ." ಅವನು ತಡವರಿಸಿದ. ಆಮೇಲೆ ಅವಮಾನ ಪಡುವವನಂತೆ ಹೇಳಿದ, "ಈಗಲೂ ಕೇಳತ್ತೆ ಮೇಡಂ. ಎಂಜಿನ್ ನಿಲ್ಸಿದ್ರೆ ಸಾಕು, ಎಲ್ಲಿಂದಲೋ ಆ ಎರಡು ಹಾರ್ನ್. ಹೇಳಿದ್ರೆ ಹುಚ್ಚ ಅಂತಾರೆ. ಅದಕ್ಕೇ ನಾನು ಗಾಡಿ ಆಫ್ ಮಾಡಲ್ಲ. ಓಡ್ತಾನೇ ಇರ್ತೀನಿ."

ಇನ್ಸ್‌ಪೆಕ್ಟರಮ್ಮ ಅವನನ್ನು ನೋಡಿದಳು. ತೆರೆಯ ಮೇಲೆ ಹತ್ತು ಜನರನ್ನು ಒಂದೇ ಏಟಿಗೆ ಉರುಳಿಸುವವನು, ಕತ್ತಲೆಗೆ ಹೆದರಿದ ಹುಡುಗನ ಹಾಗೆ ಕೂತಿದ್ದ. ಪಾಪ ಅನ್ನಿಸಿತು.

"ನಾನಿದೀನಲ್ಲ. ಆಫ್ ಮಾಡಿ. ಇಬ್ರೂ ಕೇಳೋಣ."

"ಬೇಡ."

"ಒಂದು ನಿಮಿಷ ಸರ್. ಏನೂ ಇಲ್ಲ ಅಂತ ನಿಮಗೇ ಗೊತ್ತಾಗತ್ತೆ."

ಅವನು ಕೈ ಮುಂದೆ ತರಲಿಲ್ಲ. ಆಕೆಯೇ ಬಗ್ಗಿ ಕೀಲಿ ತಿರುಗಿಸಿದಳು.

ಗುರುಗುಟ್ಟುವಿಕೆ ಸತ್ತಿತು. ಕಾದ ಲೋಹ ಟಿಕ್ ಟಿಕ್ ಎಂದಿತು. ಧೂಳು ಗಾಜಿನ ಮೇಲೆ ಮೆಲ್ಲಗೆ ಜಾರುತ್ತಿತ್ತು. ದೂರದಲ್ಲಿ ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ನಟ ಕಣ್ಣು ಮುಚ್ಚಿ, ಉಸಿರು ಹಿಡಿದು ಕೂತಿದ್ದ.

ಏನೂ ಇಲ್ಲ.

"ನೋಡಿದ್ರಾ?" ಎಂದಳು ಇನ್ಸ್‌ಪೆಕ್ಟರಮ್ಮ. ಅವನು ಮೊದಲ ಸಲ ಉಸಿರು ಬಿಟ್ಟ. ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಮೂಡಿತು.

ಆಗ ಕೇಳಿಸಿತು.

ಚಿಕ್ಕದಾಗಿ. ಎರಡು ಸಲ.

ದೂರದಿಂದಲ್ಲ. ಕಾರಿನ ಎಡ ಪಕ್ಕದಿಂದ, ಧೂಳಿನ ಒಳಗಿನಿಂದ.

ನಟ ಕಣ್ಣು ತೆರೆಯಲಿಲ್ಲ. "ನಿಮಗೂ..." ಎಂದು ಪಿಸುಗುಟ್ಟಿದ. "ನಿಮಗೂ ಕೇಳಿಸ್ತಾ?"

ಕೀಲಿಯತ್ತ ಚಾಚಿದ ಆಕೆಯ ಕೈ ಅರ್ಧಕ್ಕೇ ನಿಂತಿತ್ತು. ಧೂಳು ಜಾರಿದ ಗಾಜಿನ ಆಚೆ, ಆಕೆಯ ಕಡೆಯ ಬಾಗಿಲಿನ ಹಿಡಿಯನ್ನು ಬ್ಯಾಂಡೇಜು ಸುತ್ತಿದ ಕೈಯೊಂದು, ಆತುರವಿಲ್ಲದೆ, ಎಳೆಯುತ್ತಿತ್ತು.